ನಾಗರಿಕತೆಯನ್ನು ಉಳಿಸಿದವರು ಯಾರು?

ಐರಿಷರೇ ನಾಗರಿಕತೆಯನ್ನು ಉಳಿಸಿದರೆಂದು ಅಮೆರಿಕದ ಲೇಖಕ ಥಾಮಸ್ ಕಾಹಿಲ್ 1995ರ ತಮ್ಮ ಜನಪ್ರಿಯ ಕೃತಿಯ ಶೀರ್ಷಿಕೆಯಲ್ಲಿಯೇ ಸಾರಿದ್ದಾರೆ. ಪಶ್ಚಿಮ ರೋಮ್ ಸಾಮ್ರಾಜ್ಯವು ಕುಸಿದಾಗ, ಸಂತ ಪ್ಯಾಟ್ರಿಕರ ತರುವಾಯ ಐರ್ಲೆಂಡಿನಲ್ಲಿ ಅರಳಿದ ಮಠಗಳ ಸನ್ಯಾಸಿಗಳು ಲ್ಯಾಟಿನ್ ಹಸ್ತಪ್ರತಿಗಳನ್ನು ನಕಲು ಮಾಡಿ ಕಾಪಾಡಿದರೆಂಬುದು ಅವರ ವಾದ. ಕಥನ ಸೊಗಸಾಗಿದೆ. 614ರಲ್ಲಿ ಸಂತ ಕೊಲಂಬಾನರು ಇಟಲಿಯ ಬೊಬ್ಬಿಯೊದಲ್ಲಿ ಸ್ಥಾಪಿಸಿದ ಮಠವನ್ನೂ ಅದರ ಗ್ರಂಥಭಂಡಾರವನ್ನೂ ನೆನೆದರೆ, ಈ ಮಾತಿನಲ್ಲಿ ಸತ್ಯಾಂಶವಿದೆಯೆಂದು ಒಪ್ಪಲೇಬೇಕು.

ಆದರೆ ‘ಉಳಿಸಿದರು’ ಎಂಬ ಕ್ರಿಯಾಪದ ಬಹು ಭಾರವಾದುದು. ಆ ಮಠಗಳು ಕಾಪಾಡಿದ್ದು ಬಹುಮಟ್ಟಿಗೆ ಲ್ಯಾಟಿನ್ ಸಾಹಿತ್ಯವನ್ನು. ಗ್ರೀಕರ ತತ್ತ್ವಶಾಸ್ತ್ರ, ವೈದ್ಯ, ಖಗೋಳಗಳ ಗತಿಯೇನು? ಅವು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಉಳಿದಿದ್ದವು. ಬಾಗ್ದಾದಿನಲ್ಲಿ ಹೊಸ ಭಾಷೆಗಳನ್ನು ಕಲಿಯುತ್ತಿದ್ದವು. 9ನೆಯ ಶತಮಾನದಲ್ಲಿ ಅಲ್ಲಿ ಗೇಲನನ ವೈದ್ಯಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿ ಭಾಷೆಗಳಿಗೆ ತಂದ ಹುನೈನ್ ಇಬ್ನ್ ಇಸ್ಹಾಕ್ ಪೂರ್ವದ ಧರ್ಮಸಭೆಗೆ ಸೇರಿದ ಕ್ರೈಸ್ತ; ಮುಸ್ಲಿಂ ಖಲೀಫನಾದ ಅಲ್-ಮುತವಕ್ಕಿಲನ ಆಸ್ಥಾನವೈದ್ಯ. ಒಂದೇ ದ್ವೀಪಕ್ಕೆ ಕಿರೀಟ ತೊಡಿಸುವ ಆತುರದಲ್ಲಿ ಇಂಥವರಿಗೆ ಸಲ್ಲಬೇಕಾದ ಸ್ಥಾನ ಸಲ್ಲುವುದಿಲ್ಲ. ನಮ್ಮವರ ಹಿರಿಮೆಯನ್ನು ಓದಿ ಹಿಗ್ಗುವ ಕ್ರೈಸ್ತ ಓದುಗರಿಗೆ (ಹಿಗ್ಗುವುದು ತಪ್ಪಲ್ಲ) ಹುನೈನನೂ ನಮ್ಮವನೇ ಎಂಬುದು ತಿಳಿಯದೆ ಹೋಗುವುದು ವಿಷಾದದ ಸಂಗತಿ.

ಮುಂದೆ ಸ್ಪೇನಿನ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್, ಟಾಲೆಮಿಯ ಖಗೋಳಗ್ರಂಥವನ್ನು 1175ರಲ್ಲಿ ಅರಬ್ಬಿಯಿಂದಲೇ ಲ್ಯಾಟಿನ್ನಿಗೆ ತಂದರು. 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರಂತೂ ಅರಿಸ್ಟಾಟಲನನ್ನು ಓದುವಾಗ ಕಾರ್ಡೊವಾದ ಮುಸ್ಲಿಂ ಪಂಡಿತ ಇಬ್ನ್ ರುಶ್ದನ ಭಾಷ್ಯಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದರು. ಆತ್ಮದ ವಿಷಯದಲ್ಲಿ ಅವನ ಮತವನ್ನು ಕಟುವಾಗಿ ಖಂಡಿಸಿದರೂ, ಹೆಸರು ಹೇಳದೆ ‘ವ್ಯಾಖ್ಯಾನಕಾರ’ನೆಂದರೆ ಅವನೊಬ್ಬನೇ ಎಂಬಂತೆ ಬರೆದರು.