ದಫ್ತರದಲ್ಲಿ ಕೇರಿ ಎಲ್ಲಿದೆ?

ನಮ್ಮ ಚರಿತ್ರೆ ಬಾಯಲ್ಲಿದೆ, ಕಾಗದ ಅವರದು: ದಲಿತ ವಿಮರ್ಶೆಯಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ ಸಿಟ್ಟಿದೆ, ಸತ್ಯವೂ ಇದೆ. ಆದರೆ ಅದನ್ನೇ ಸಿದ್ಧಾಂತ ಮಾಡಿಕೊಂಡರೆ ನಷ್ಟ ಯಾರಿಗೆ ಎಂಬುದು ನನ್ನ ಪ್ರಶ್ನೆ.

ಬಂಕಾಪುರವನ್ನೇ ನೋಡೋಣ. ಗುಣಭದ್ರರ ಉತ್ತರಪುರಾಣದ ಪ್ರಶಸ್ತಿ ಶಕ 820ರಲ್ಲಿ ಈ ಊರನ್ನು ಹೆಸರಿಸುತ್ತದೆ. ಇಲ್ಲಿನ ಶಾಸನವನ್ನು ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಅಚ್ಚು ಹಾಕಿಸಿದ. ಕಲ್ಲಿಗೆ ಓದುಗರಿದ್ದಾರೆ. ಕಾಗದಕ್ಕೆ? ಊರು 1956ರ ತನಕ ಮುಂಬಯಿ ರಾಜ್ಯದಲ್ಲಿತ್ತು, 1997ರ ತನಕ ಧಾರವಾಡ ಜಿಲ್ಲೆಯಲ್ಲಿ, ಆಮೇಲೆ ಹಾವೇರಿಯಲ್ಲಿ. ಒಂದು ಹೊಲದ ಮೂಲ ಹುಡುಕುವವರು ಶಿಗ್ಗಾವಿ, ಹಾವೇರಿ, ಧಾರವಾಡ ತಿರುಗಬೇಕು. ಹಳೇ ಇನಾಮಿನ ಮಾತು ಬಂದರೆ ಪುಣೆಯ ದಫ್ತರಕ್ಕೂ ಹೋಗಬೇಕು, ಮೋಡಿ ಲಿಪಿ ಬಲ್ಲವರನ್ನೂ ಹುಡುಕಬೇಕು.

ಮನೆತನದ ಕಾಗದಪತ್ರ ಎಂದರೆ ಸಂಶೋಧಕರ ಕಣ್ಣು ದೇಸಾಯಿ, ಕುಲಕರ್ಣಿಗಳ ವಾಡೆಯ ಕಡೆ ಹೊರಳುತ್ತದೆ. ನಮ್ಮ ಕೇರಿಯ ಟ್ರಂಕಿನಾಗ ಇರೋದು ಚಾಕರಿ ಹೊಲದ ಪಾವತಿ, ಕೋರ್ಟಿನ ಒಂದು ನೋಟೀಸು, ಸಾಲಿ ಬಿಟ್ಟ ದಾಖಲೆ. ಅದು ಮನೆತನದ ಕಾಗದ ಅಲ್ಲೇನು?

ಇಂಥ ದಾಖಲೆಯನ್ನು ಓದುವ ಬಗೆಯನ್ನು ಅಂಬೇಡ್ಕರ್ ತೋರಿಸಿದ್ದಾರೆ. 1874ರ ವತನು ಕಾಯ್ದೆಯ ತಿದ್ದುಪಡಿಗೆ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದಾಗ, 'ವತನು' ಎಂಬ ಗೌರವದ ಪದದೊಳಗೆ ಇಡೀ ಮನೆಯ ದುಡಿಮೆ ಅಡಗಿರುವುದನ್ನು ಬಯಲಿಗೆಳೆದರು. ನನ್ನ ಪ್ರಕಾರ ಅದು ದಲಿತ ವಿಮರ್ಶೆಯ ಮೊದಲ ಪಾಠಗಳಲ್ಲೊಂದು. ದಫ್ತರ ಬರೆದ ಕೈ ನಮ್ಮದಲ್ಲ. ಆದರೂ ಚಾಕರಿಯ ಲೆಕ್ಕ ಇಡಲು ಹೋಗಿ ಆ ಕೈ ನಮ್ಮವರ ಹೆಸರನ್ನೂ ಬರೆಯಬೇಕಾಯಿತು.

ಇದು ಬರೀ ಸಾಹಿತ್ಯದ ಮಾತಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಚಾಕರಿ ಜಮೀನನ್ನು ಹುದ್ದೆ ಮಾಡಿದವರಿಗೆ ಮರುಮಂಜೂರು ಮಾಡಲು ಹೇಳಿತು. ದಲಿತರಿಗೆ ಸರಕಾರ ಮಂಜೂರು ಮಾಡಿದ ಜಮೀನು ಪರರ ಪಾಲಾಗಿದ್ದರೆ ಮರಳಿ ಪಡೆಯಲು 1978ರ ಪಿಟಿಸಿಎಲ್ ಕಾಯ್ದೆ ದಾರಿ ತೆರೆಯಿತು. ಆ ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸೇರಿಸಿತು. ಆದರೆ ಮಂಜೂರಾತಿಯ ಕಾಗದವನ್ನೇ ಗೆದ್ದಲು ತಿಂದಿದ್ದರೆ ಕಾಯ್ದೆ ಏನು ಮಾಡೀತು? ಕಾಗದ ಅವರದು ಎಂದು ಬಿಟ್ಟುಕೊಟ್ಟರೆ ಹೊಲವನ್ನೂ ಬಿಟ್ಟುಕೊಟ್ಟಂತೆ.

ತಾಲ್ಲೂಕು ಕಚೇರಿಗಳ ಹಳೇ ಕಡತಗಳು ಈಗ ಸ್ಕ್ಯಾನ್ ಆಗುತ್ತಿವೆ. ಒಳ್ಳೆಯದೇ. ಆದರೆ ಸೂಚಿಯಲ್ಲಿ ಇನಾಮದಾರನ ಹೆಸರಷ್ಟೇ ಬಂದರೆ ಚಾಕರಿ ಮಾಡಿದವನು ಕಂಪ್ಯೂಟರಿನಲ್ಲೂ ಊರ ಹೊರಗೇ ಉಳಿಯುತ್ತಾನೆ. ಸೂಚಿಯಲ್ಲಿ ಸರ್ವೆ ನಂಬರಿನ ಜೊತೆ ಚಾಕರಿಯ ಹೆಸರು, ಕೇರಿಯ ಹೆಸರು ಬರಲಿ. ಟ್ರಂಕಿನ ಕಾಗದದ ನಕಲು ಪತ್ರಾಗಾರಕ್ಕೆ ಹೋಗಲಿ, ಅಸಲು ಮನೆಯವರ ಕೈಯಲ್ಲೇ ಇರಲಿ. ಕೇರಿಯ ಹಾಡು ಬರೆದುಕೊಳ್ಳುವ ನಮ್ಮ ವಿದ್ಯಾರ್ಥಿಗಳು ಮೋಡಿಯನ್ನೂ ಕಲಿಯಲಿ. ಹಾಡಿಗೂ ಪಹಣಿಗೂ ಜಗಳ ಹಚ್ಚುವ ವಿಮರ್ಶೆ ನಮಗೆ ಬೇಡ.