ಪ್ರಶ್ನೆಯ ಕೆಳಗೇ ಉತ್ತರ

ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾದಂತೆ ನಮ್ಮ ಕಡೆಯ ಪ್ರೌಢಶಾಲೆಗಳಲ್ಲಿ ಒಂದು ಜೆರಾಕ್ಸ್ ಕಟ್ಟು ಕೈಯಿಂದ ಕೈಗೆ ಹೋಗುತ್ತದೆ. ಅದೇ ‘ಪಾಸಿಂಗ್ ಪ್ಯಾಕೇಜ್’. “ಎಷ್ಟ ಓದಿಸಿದ್ರೂ ತಲ್ಯಾಗ ನಿಲ್ಲಂಗಿಲ್ರಿ ಸರ” ಎಂದು ಪಾಲಕರು ಹೇಳುವ ಮಕ್ಕಳಿಗಾಗಿಯೇ ಮಾಡಿದ್ದು. ಭೂಪಟ, ಹೃದಯದ ಚಿತ್ರ, ಥೇಲ್ಸ್ ಪ್ರಮೇಯ, ಪತ್ರಲೇಖನ, ಪೂರ್ಣಗೊಳಿಸಬೇಕಾದ ಪದ್ಯ: ಮತ್ತೆ ಮತ್ತೆ ಕೇಳುವಂಥವನ್ನೇ ಹೆಕ್ಕಿ, ಪ್ರಶ್ನೆಯ ಕೆಳಗೇ ಉತ್ತರ ಬರೆದು ಕೊಟ್ಟಿರುತ್ತಾರೆ.

ಪೇಟೆಯಲ್ಲಿ ಕೂತು ಇದನ್ನು ಹೀಗಳೆಯುವುದು ಸುಲಭ. ಟ್ಯೂಷನ್ ಇಲ್ಲದ, ಸುಗ್ಗಿಯಲ್ಲಿ ಹೊಲಕ್ಕೂ ಹೋಗಬೇಕಾದ ಹುಡುಗನಿಗೆ ಇಡೀ ಪುಸ್ತಕದ ಬದಲು ನಲವತ್ತು ಪುಟ ಸಿಗುವುದು ಸಣ್ಣ ಉಪಕಾರವಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. ಹಿಂದಿನ ವರ್ಷ 83.89 ಇದ್ದ ರಾಜ್ಯದ ಫಲಿತಾಂಶ ಕೃಪಾಂಕ ಸೇರಿಸಿಯೂ ಶೇಕಡಾ 73.40ಕ್ಕೆ ಇಳಿಯಿತು. ಕಾಪಿಯ ದಾರಿ ಮುಚ್ಚಿದ ಮೇಲೆ ಮಾಸ್ತರರ ಕೈಯಲ್ಲಿ ಉಳಿದದ್ದು ಈ ಕಟ್ಟು. ಏನನ್ನು ಓದಬೇಕು ಎಂಬುದನ್ನು ಅದು ಚೆನ್ನಾಗಿಯೇ ಆರಿಸುತ್ತದೆ.

ಹೇಗೆ ಓದಬೇಕು ಎಂಬಲ್ಲಿ ಮಾತ್ರ ಕೈಕೊಡುತ್ತದೆ. ಪ್ರಶ್ನೆಯ ಕೆಳಗೇ ಉತ್ತರವಿದ್ದರೆ ಮಗು ಎರಡನ್ನೂ ಒಂದೇ ಉಸಿರಿನಲ್ಲಿ ಓದುತ್ತದೆ, ಹತ್ತು ಸಲ ಉರು ಹೊಡೆಯುತ್ತದೆ. ಹತ್ತನೆಯ ಸಲಕ್ಕೆ ಎಲ್ಲ ಪರಿಚಿತ ಅನಿಸುತ್ತದೆ. ಆ ಪರಿಚಯವನ್ನೇ ಮಗು, ಪಾಲಕರು, ಕೆಲವೊಮ್ಮೆ ಮಾಸ್ತರರೂ ನೆನಪೆಂದು ನಂಬುತ್ತಾರೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದೇ ಪಠ್ಯವನ್ನು ಮತ್ತೆ ಮತ್ತೆ ಓದಿದರು; ಉಳಿದವರು ಓದಿ, ಹಾಳೆ ಮುಚ್ಚಿ, ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಮುಚ್ಚಿ ಬರೆದವರು ಮುಂದಾದರು. ಪಾಸಿಂಗ್ ಪ್ಯಾಕೇಜ್ ನಂಬಿರುವುದು ಆ ಐದು ನಿಮಿಷವನ್ನು.

ನೋಡದೆ ಉತ್ತರಿಸಿದರೇ ನೆನಪು ನಿಲ್ಲುತ್ತದೆ ಎಂಬ ಮಾತು ಸಂಗೊಳ್ಳಿಯ ಸುತ್ತಲಿನ ನಮ್ಮ ಸೀಮೆಗೆ ಹೊಸತಾಗಬಾರದಿತ್ತು. ಸಂಗೊಳ್ಳಿ ರಾಯಣ್ಣನ ಕಥೆ ಇಲ್ಲಿ ಪುಸ್ತಕಕ್ಕಿಂತ ಮೊದಲು ಲಾವಣಿಕಾರರ ಬಾಯಲ್ಲಿತ್ತು. ತಾಳವಿದೆ, ಪ್ರಾಸವಿದೆ, ಅದಕ್ಕೇ ನೆನಪಿರುತ್ತದೆ ಎನ್ನುವವರು ಅರ್ಧವನ್ನಷ್ಟೇ ಹೇಳುತ್ತಾರೆ. ಗೀಗೀ ಪದ ಹಾಡುವ ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬು ನೋಡಿ: ಒಂದು ಮೇಳ ಹಾಡಿನಲ್ಲೇ ಪ್ರಶ್ನೆ ಎಸೆಯುತ್ತದೆ, ಎದುರಿನ ಮೇಳ ಜನರ ಮುಂದೆ ನಿಂತ ನಿಲುವಿನಲ್ಲಿ ಉತ್ತರ ಕಟ್ಟಬೇಕು. ಅಲ್ಲಿ ಚೀಟಿ ನೋಡುವಂತಿಲ್ಲ. ಕೇಳುವವನು ಬೇರೆ, ಹೇಳುವವನು ಬೇರೆ. ಗೀಗೀ ಮೇಳದವರ ನೆನಪು ಗಟ್ಟಿಯಾದದ್ದು ಹಾಡಿ ಹಾಡಿ ಎಷ್ಟೋ, ಕೇಳಿಸಿಕೊಂಡು ಉತ್ತರಿಸಿ ಅಷ್ಟೇ.

ಹಾಗಂತ ಎಲ್ಲ ಪಾಠಕ್ಕೂ ರಾಗ ಹಾಕಿ ಎನ್ನುವ ಉತ್ಸಾಹ ನನಗಿಲ್ಲ. ಮಗ್ಗಿಗೆ ಅದು ಒಗ್ಗುತ್ತದೆ, ದ್ಯುತಿಸಂಶ್ಲೇಷಣೆಗೆ ತಮಾಷೆಯಾಗುತ್ತದೆ. ಬೇಕಾದ ತಿದ್ದುಪಡಿಗೆ ಖರ್ಚಿಲ್ಲ: ಪ್ರಶ್ನೆಗಳು ಒಂದು ಹಾಳೆಯಲ್ಲಿ, ಉತ್ತರಗಳು ಇನ್ನೊಂದರಲ್ಲಿ. ಓದು ಬಾರದ ಅವ್ವನೂ ಉತ್ತರದ ಹಾಳೆ ತನ್ನ ಕೈಯಲ್ಲಿ ಹಿಡಿದು “ಹೇಳು ನೋಡೂಣು” ಅನ್ನಬಹುದು. ಇಂದು ಕೇಳಿದ್ದನ್ನು ನಾಳೆ, ಮತ್ತೆ ಬರುವ ವಾರ ಕೇಳಬೇಕು. ಇಸವಿಗಳನ್ನು ಬಿಡಿಬಿಡಿಯಾಗಿ ಕೊಡುವುದನ್ನೂ ಬಿಡಬೇಕು. 1824ರಲ್ಲಿ ಕಿತ್ತೂರಿನ ಯುದ್ಧ, ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸಾವು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಮರಣ. 1831ರಲ್ಲಿ ನಂದಗಡದಲ್ಲಿ ರಾಯಣ್ಣನಿಗೆ ಗಲ್ಲು. ಈ ಕಥೆಯನ್ನು ಸಂಗೊಳ್ಳಿಯ ಹುಡುಗ ತಪ್ಪಿಲ್ಲದೆ ಹೇಳುತ್ತಾನೆ. ಇಸವಿಗಳನ್ನು ಆ ಕಥೆಯೊಳಗೇ ಕೇಳಿದರೆ ಅವಕ್ಕೆ ನಿಲ್ಲಲು ಜಾಗ ಸಿಗುತ್ತದೆ.

ಇಷ್ಟಾದರೂ ಕೆಲವು ಮಕ್ಕಳು ಹಿಂದೆಯೇ ಉಳಿಯುತ್ತಾರೆ. ರೋಡಿಗರ್-ಕಾರ್ಪಿಕ್ ಪ್ರಯೋಗ ನಡೆದದ್ದು ಸರಾಗ ಓದಬಲ್ಲ ಕಾಲೇಜು ವಿದ್ಯಾರ್ಥಿಗಳ ಮೇಲೆ. ಒತ್ತಕ್ಷರದಲ್ಲೇ ಎಡವುವ ಮಗುವಿನ ಶಕ್ತಿಯೆಲ್ಲ ಅಕ್ಷರ ಬಿಡಿಸುವುದರಲ್ಲೇ ಮುಗಿಯುತ್ತದೆ. ಅದಕ್ಕೆ ಮೊದಲು ಓದು ಕಲಿಸಬೇಕು, ನೆನಪಿನ ಮಾತು ಆಮೇಲೆ. ಇನ್ನು ಕೆಲವರದು ಕಲಿಕಾ ನ್ಯೂನತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಗುರುತಿಸುತ್ತದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗಳು ಸಿಗುತ್ತವೆ. ಆದರೆ ತಪಾಸಣೆ, ಪ್ರಮಾಣಪತ್ರ, ಅರ್ಜಿ ಎಲ್ಲಕ್ಕೂ ಸಮಯ ಬೇಕು. ಅಂಥ ಮಗುವನ್ನು ನಾಲ್ಕನೆಯದೋ ಐದನೆಯದೋ ತರಗತಿಯಲ್ಲಿ ‘ದಡ್ಡ’ ಎಂದು ಹಿಂದಿನ ಸಾಲಿನಲ್ಲಿ ಕೂಡಿಸಿ, ಹತ್ತನೆಯದರಲ್ಲಿ ಅದರ ಕೈಗೆ ಜೆರಾಕ್ಸ್ ಕಟ್ಟು ಕೊಟ್ಟರೆ, ಅರ್ಜಿ ಹಾಕುವ ದಿನ ಆಗಲೇ ಕಳೆದಿರುತ್ತದೆ.