ಎರವಿನ ವೇಷ: ‘ಕಿಯಾನು’ ಚಲಚ್ಚಿತ್ರದ ಒಂದು ವಿಮರ್ಶೆ

ಶಾಸನ, ಕಡತ, ಪ್ರವಾಸಕಥನಗಳಿಗೆ ಇತಿಹಾಸಕಾರರು ಕೊಡುವ ಮನ್ನಣೆ ಹಾಸ್ಯಕೃತಿಗಳಿಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಆದರೆ ಒಂದು ಸಮಾಜವು ಯಾವುದನ್ನು ಕಂಡು ನಗುತ್ತದೆಯೆಂಬುದು, ಅದು ಯಾವುದಕ್ಕೆ ಅಂಜುತ್ತದೆಯೆಂಬುದಕ್ಕೂ ಸಾಕ್ಷ್ಯವಾಗಬಲ್ಲದು. ಈ ದೃಷ್ಟಿಯಿಂದ 2016ರಲ್ಲಿ ತೆರೆಕಂಡ ‘ಕಿಯಾನು’ ಎಂಬ ಅಮೆರಿಕದ ಹಾಸ್ಯಚಿತ್ರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದರ ನಿರ್ದೇಶಕರು ಪೀಟರ್ ಅಟೆನ್ಸಿಯೊ. ಚಿತ್ರಕಥೆ ಜೋರ್ಡನ್ ಪೀಲ್ ಮತ್ತು ಅಲೆಕ್ಸ್ ರೂಬೆನ್ಸ್ ಅವರದು. 2012ರಿಂದ 2015ರವರೆಗೆ ದೂರದರ್ಶನದ ಹಾಸ್ಯಮಾಲೆಯೊಂದರಲ್ಲಿ ಜೊತೆಗೂಡಿದ್ದ ಪೀಲ್ ಹಾಗೂ ಕೀಗನ್-ಮೈಕೆಲ್ ಕೀ ಇಲ್ಲಿ ಮುಖ್ಯ ಪಾತ್ರಧಾರಿಗಳು.

ಕಥಾವಸ್ತು ಅಲ್ಪವಾದುದು. ಲಾಸ್ ಏಂಜಲೀಸ್ ನಗರದಲ್ಲಿ ಪ್ರೇಯಸಿಯಿಂದ ಪರಿತ್ಯಕ್ತನಾದ ರೆಲ್ ಎಂಬಾತನ ಬಾಗಿಲಿಗೆ ಅನಾಥ ಬೆಕ್ಕಿನ ಮರಿಯೊಂದು ಬರುತ್ತದೆ. ಅವನು ಅದಕ್ಕೆ ಕಿಯಾನು ಎಂದು ಹೆಸರಿಟ್ಟು ಸಾಕುತ್ತಾನೆ. ಒಂದು ರಾತ್ರಿ ಕಳ್ಳರು ಮನೆಯನ್ನು ಸೂರೆಮಾಡಿದಾಗ ಮರಿಯೂ ಕಾಣೆಯಾಗುತ್ತದೆ. ಅದನ್ನು ಮರಳಿ ಪಡೆಯಲು ರೆಲ್ ಮತ್ತು ಅವನ ಬಂಧು ಕ್ಲಾರೆನ್ಸ್ ಮಾದಕದ್ರವ್ಯ ಮಾರುವ ಪಾತಕಿಗಳ ಗುಂಪಿನೊಳಕ್ಕೆ ಹೋಗುತ್ತಾರೆ. ಗುಂಪಿನ ನಾಯಕ ಚೆಡ್ಡರ್ ಇವರನ್ನು ಅಲೆನ್‌ಟೌನ್ ಸೋದರರೆಂಬ ಕುಖ್ಯಾತ ಕೊಲೆಗಾರರೆಂದು ಭಾವಿಸುತ್ತಾನೆ. ಇವರೂ ಆ ಭ್ರಮೆಯನ್ನು ಕೆಡಿಸದೆ ಕಲ್ಪಿತ ನಾಮಗಳನ್ನು ಧರಿಸಿ ನಟಿಸತೊಡಗುತ್ತಾರೆ.

ವಿಕೃತವಾದ ಅಥವಾ ಪರರದಾದ ವೇಷವನ್ನು ಹಾಸ್ಯರಸದ ಕಾರಣಗಳಲ್ಲಿ ಒಂದೆಂದು ಭರತನ ನಾಟ್ಯಶಾಸ್ತ್ರವು ಎಣಿಸಿದೆ. ‘ಕಿಯಾನು’ವಿನ ಹಾಸ್ಯ ನಿಂತಿರುವುದೂ ಈ ವೇಷದ ಮೇಲೆಯೇ. ಆದರೆ ಇಲ್ಲಿನ ವೇಷ ನಿಜವಾಗಿ ಯಾರದು? ಕಥಾನಾಯಕರಿಬ್ಬರೂ ಆಫ್ರಿಕನ್ ಅಮೆರಿಕನ್ ಜನಾಂಗದವರು, ಮಧ್ಯಮವರ್ಗದ ಸೌಮ್ಯರು. ಕ್ಲಾರೆನ್ಸ್ ಬ್ರಿಟನ್ನಿನ ಗಾಯಕ ಜಾರ್ಜ್ ಮೈಕೆಲ್‌ನ ಭಕ್ತ. ಕಂಪನಿಗಳ ನೌಕರರಿಗೆ ಒಗ್ಗಟ್ಟಿನ ಪಾಠ ಹೇಳುವುದು ಅವನ ವೃತ್ತಿ. ಇವರು ಧ್ವನಿಯನ್ನು ತಗ್ಗಿಸಿ, ಬೈಗುಳನ್ನು ಬೆರೆಸಿ ಮಾತನಾಡಿದೊಡನೆ ಎಲ್ಲರೂ ನಂಬುತ್ತಾರೆ. ನಂಬಿಕೆ ಇಷ್ಟು ಸುಲಭವಾಗಿ ದೊರೆಯುವುದಕ್ಕೆ ಕಾರಣ ಇವರ ನಟನಾಕೌಶಲವಲ್ಲ. ನೋಡುವವರ ಮನಸ್ಸಿನಲ್ಲಿ ಆ ಚಿತ್ರ ಮೊದಲೇ ಸಿದ್ಧವಾಗಿರುವುದು.

ಇದಕ್ಕೆ ದೀರ್ಘವಾದ ಪೂರ್ವೇತಿಹಾಸವುಂಟು. 1830ರ ದಶಕದಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟನು ಮುಖಕ್ಕೆ ಮಸಿ ಬಳಿದುಕೊಂಡು ‘ಜಿಮ್ ಕ್ರೋ’ ಎಂಬ ಕಪ್ಪು ಮನುಷ್ಯನ ಸೋಗು ಹಾಕಿ ಖ್ಯಾತನಾದನು. ಮುಂದೆ ಅದೇ ಹೆಸರು ವರ್ಣಭೇದದ ಕಾನೂನುಗಳಿಗೆ ಅಂಟಿಕೊಂಡಿತು. ಬರ್ಟ್ ವಿಲಿಯಮ್ಸ್ (1874–1922) ಎಂಬ ಶ್ರೇಷ್ಠ ವಿದೂಷಕನು ಸ್ವತಃ ಕಪ್ಪು ಜನಾಂಗದವನಾಗಿದ್ದರೂ ರಂಗದ ಮೇಲೆ ಮುಖಕ್ಕೆ ಮಸಿ ಹಚ್ಚಿಕೊಳ್ಳಬೇಕಾಯಿತು. ತನ್ನನ್ನು ತಾನು ಪರರ ಕಣ್ಣಿನಿಂದ ನೋಡಿಕೊಳ್ಳಬೇಕಾದ ಈ ಸ್ಥಿತಿಯನ್ನು ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರ ತಮ್ಮ ಗ್ರಂಥದಲ್ಲಿ ಇಬ್ಬಗೆಯ ಪ್ರಜ್ಞೆಯೆಂದು ನಿರೂಪಿಸಿದರು. ರೆಲ್ ಮತ್ತು ಕ್ಲಾರೆನ್ಸರು ಬಳಿದುಕೊಳ್ಳುವುದು ಮಸಿಯನ್ನಲ್ಲ, ಮಾತನ್ನು. ವ್ಯತ್ಯಾಸ ಇಷ್ಟೇ.

ಆ ಮಾತನ್ನು ಅವರು ಕಲಿತದ್ದೆಲ್ಲಿಂದ? ಚಲಚ್ಚಿತ್ರಗಳಿಂದ ಎಂಬುದೇ ಕೃತಿಯ ಸೂಚನೆ. ಚೆಡ್ಡರ್ ಮರಿಗೆ ‘ನ್ಯೂ ಜಾಕ್’ ಎಂಬ ಹೊಸ ಹೆಸರಿಡುತ್ತಾನೆ. ಅದು 1991ರ ‘ನ್ಯೂ ಜಾಕ್ ಸಿಟಿ’ ಎಂಬ ಪಾತಕಚಿತ್ರವನ್ನು ನೆನಪಿಗೆ ತರುತ್ತದೆ. ಅದೇ ವರ್ಷದ ‘ಬಾಯ್ಸ್ ಎನ್ ದ ಹುಡ್’ ಲಾಸ್ ಏಂಜಲೀಸಿನ ಕಪ್ಪು ಯುವಕರ ದುರಂತವನ್ನು ಚಿತ್ರಿಸಿತು. ಅದರಲ್ಲಿ ಅಭಿನಯಿಸಿದ್ದ ನಿಯಾ ಲಾಂಗ್ ಇಲ್ಲಿ ಕ್ಲಾರೆನ್ಸನ ಪತ್ನಿ. ಇನ್ನೂ ಗಮನಾರ್ಹವಾದುದು, ಕೊಲೆಗಾರರಾದ ಅಲೆನ್‌ಟೌನ್ ಸೋದರರ ಪಾತ್ರಗಳನ್ನೂ ಕೀ ಮತ್ತು ಪೀಲರೇ ವಹಿಸಿರುವುದು. ಸಜ್ಜನನಿಗೂ ಘಾತಕನಿಗೂ ಒಂದೇ ಮುಖ. ಪರರ ಕಣ್ಣು ಅವರನ್ನು ಬೇರ್ಪಡಿಸಲಾರದು ಎಂಬುದೇ ಇದರ ಧ್ವನಿ.

ಚಿತ್ರದ ಉತ್ತಮ ಭಾಗವು ಕಾರಿನೊಳಗಿನ ದೃಶ್ಯ. ಗುಂಪಿನ ತರುಣರು ಕ್ಲಾರೆನ್ಸನ ವಾಹನದಲ್ಲಿ ಜಾರ್ಜ್ ಮೈಕೆಲ್‌ನ ಹಾಡುಗಳನ್ನು ಕೇಳಿ ಮೊದಲು ಸಂಶಯಿಸಿ, ಬಳಿಕ ಮರುಳಾಗುತ್ತಾರೆ. ಹಾಗಾದರೆ ಅವರ ಕ್ರೌರ್ಯವೂ ಒಂದು ವೇಷವೇ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ. ಅವರ ಜೊತೆಗಾತಿ ಹೈ-ಸಿ ಕೊನೆಗೆ ವೇಷ ಮರೆಸಿದ ಪೊಲೀಸ್ ಅಧಿಕಾರಿಯೆಂದು ತಿಳಿದುಬರುವುದು ಇದೇ ಎಳೆಯ ಮುಂದುವರಿಕೆ. ಮರಿಯೂ ಇದಕ್ಕೆ ಹೊರತಲ್ಲ: ಮೊದಲ ಒಡೆಯನಿಗೆ ಅದು ಇಗ್ಲೇಸಿಯಸ್, ರೆಲ್‌ಗೆ ಕಿಯಾನು, ಚೆಡ್ಡರ್‌ಗೆ ನ್ಯೂ ಜಾಕ್. ಆದರೆ ಹೆಸರುಗಳು ಬದಲಾದರೂ ಅದು ನಟಿಸುವುದಿಲ್ಲ. ಎಲ್ಲರೂ ಅದನ್ನು ಬಯಸುವುದು ಬಹುಶಃ ಈ ಕಾರಣದಿಂದಲೇ.

ಸಾಕುಪ್ರಾಣಿಯ ನಿಮಿತ್ತವಾಗಿ ಹೊಡೆದಾಟ ನಡೆಯುವುದರಿಂದ ಈ ಕೃತಿಯನ್ನು 2014ರ ‘ಜಾನ್ ವಿಕ್’ ಚಿತ್ರದೊಡನೆ ಹೋಲಿಸುವುದು ಸಹಜ. ಅಲ್ಲಿ ಮೃತಪತ್ನಿಯ ಕಾಣಿಕೆಯಾದ ನಾಯಿಮರಿ ಹತವಾಗುತ್ತದೆ. ನಾಯಕನು ತಾನು ತೊರೆದಿದ್ದ ನಿಜವಾದ ಕೊಲೆಗಾರನ ಬಾಳಿಗೆ ಮರಳುತ್ತಾನೆ. ಇಲ್ಲಿ ನಾಯಕರಿಗೆ ಅಂಥ ಹಿಂದಿನ ಬಾಳೇ ಇಲ್ಲ. ಆದುದರಿಂದ ಇದನ್ನು ಅಣಕವೆಂದಷ್ಟೇ ಕರೆದು ಮುಗಿಸುವುದು ಸರಿಯಲ್ಲ.

ಆದರೆ ದೋಷವೂ ಗಂಭೀರವಾದುದೇ. ತಾನು ಅಣಕಿಸಿದ ಪ್ರಕಾರಕ್ಕೆ ಚಿತ್ರವು ಉತ್ತರಾರ್ಧದಲ್ಲಿ ಶರಣಾಗುತ್ತದೆ. ಗುಂಡಿನ ಕಾಳಗವು ವಿಚಾರದ ಸ್ಥಾನವನ್ನು ಆಕ್ರಮಿಸುತ್ತದೆ. ಲಾಸ್ ಏಂಜಲೀಸಿನ ಕ್ರಿಪ್ಸ್ ಮತ್ತು ಬ್ಲಡ್ಸ್ ಎಂಬ ನಿಜವಾದ ಗುಂಪುಗಳು 1970ರ ಆಸುಪಾಸಿನಲ್ಲಿ ಹುಟ್ಟಿ ಅಸಂಖ್ಯ ತರುಣರನ್ನು ಬಲಿ ತೆಗೆದುಕೊಂಡವು. ಆ ಎರಡರಿಂದಲೂ ಹೊರದೂಡಲ್ಪಟ್ಟವರು ಸೇರಿ ‘ಬ್ಲಿಪ್ಸ್’ ಆದರೆಂಬುದು ಚಿತ್ರದ ಚಮತ್ಕಾರ. ಎಲ್ಲಿಯೂ ಸಲ್ಲದ ಆ ತರುಣರ ಪಾಡೇನು? ನಾಯಕರು ಬೇಕೆಂದಾಗ ವೇಷ ಕಳಚಬಲ್ಲರು. ಅವರಿಗೆ ಉದ್ಯೋಗವಿದೆ, ಮನೆಯಿದೆ. ಉಳಿದವರಿಗೆ ಆ ವೇಷವೇ ಬಾಳು. ಕಾರಿನೊಳಗೆ ಎದ್ದ ಪ್ರಶ್ನೆಯನ್ನು ಚಿತ್ರವು ಅಲ್ಲಿಯೇ ಬಿಟ್ಟು ಮುಂದೆ ಓಡುತ್ತದೆ.

ಮರುವರ್ಷ ಪೀಲ್ ನಿರ್ದೇಶಿಸಿದ ‘ಗೆಟ್ ಔಟ್’ (2017) ಇದೇ ವಸ್ತುವನ್ನು, ಅಂದರೆ ಕಪ್ಪು ದೇಹದ ಮೇಲೆ ಪರರು ಹೊರಿಸುವ ಕಲ್ಪನೆಯನ್ನು, ಭಯಾನಕ ರಸದಲ್ಲಿ ನಿರ್ವಹಿಸಿ ಮೂಲ ಚಿತ್ರಕಥೆಗಾಗಿ ಆಸ್ಕರ್ ಪ್ರಶಸ್ತಿಯನ್ನು ಗಳಿಸಿತು. ನಗೆಯಲ್ಲಿ ಅರ್ಧಕ್ಕೆ ನಿಂತ ವಿಚಾರವು ಭಯದಲ್ಲಿ ಪೂರ್ಣವಾಯಿತೆಂದು ನಮ್ಮ ಅಭಿಪ್ರಾಯ. ಆದರೂ ಇತಿಹಾಸದ ವಿದ್ಯಾರ್ಥಿಗೆ ಮೊದಲನೆಯದೇ ಹೆಚ್ಚು ಉಪಯುಕ್ತ. ಸಿದ್ಧಾಂತವಾಗುವ ಮೊದಲು ಒಂದು ಕಾಲದ ಆತಂಕವು ವಿನೋದದ ರೂಪದಲ್ಲಿ ಹೇಗೆ ಸುಳಿದಾಡುತ್ತದೆಂಬುದನ್ನು ಅದು ತೋರಿಸುತ್ತದೆ. ಇಂತಹ ಕೃತಿಯನ್ನು ಕಂಡಾಗ ನಗಬೇಕು. ನಕ್ಕ ಬಳಿಕ, ಈ ನಗೆಗೆ ಬೆಲೆ ತೆತ್ತವರು ಯಾರು ಎಂದು ಕೇಳಲೂ ಬೇಕು.